ರಿವರ್ಸ್ ತೆಗೆಯುವಾಗ ಬಾಣಕ್ಕೆ ಎದುರಾಗಿ ಬಂದ ಕಾರಿಗೆ ತಾಗಿತು, ತಪ್ಪು ಯಾರದ್ದು?

ಕೆಂಪು ಹ್ಯಾಚ್‌ಬ್ಯಾಕ್

ಶನಿವಾರ ಸಂಜೆ ಮೈಸೂರಿನ ಒಂದು ಮಾಲ್‌ನ ಬೇಸ್‌ಮೆಂಟ್‌ನಲ್ಲಿ ನನ್ನ ಕಾರೂ ಇನ್ನೊಬ್ಬರ ಕಾರೂ ತಾಗಿದವು. ಯಾರಿಗೂ ಪೆಟ್ಟಾಗಿಲ್ಲ, ಎರಡು ಕಡೆಯೂ ಬಣ್ಣ ಹೋಗಿದೆ ಅಷ್ಟೇ. ಆದರೆ ಅವರು 15,000 ಕೇಳುತ್ತಿದ್ದಾರೆ. ನಮ್ಮ ಮನೆಯವರು "ಕೊಟ್ಟು ಕೈ ತೊಳ್ಕೊ, ತಲೆನೋವು ಬೇಡ" ಅನ್ನುತ್ತಾರೆ. ನನಗೆ ಮಾತ್ರ ಎರಡು ದಿನದಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ.

ನಡೆದದ್ದು ಹೀಗೆ. ನಾನು ಕಾರಿನ ಮೂತಿ ಒಳಗೆ ಮಾಡಿ ನಿಲ್ಲಿಸಿದ್ದೆ. ಎಡಗಡೆ ಎತ್ತರದ ಎಸ್‌ಯುವಿ, ಬಲಗಡೆ ಕಂಬ. ಹಿಂದಿನ ದಾರಿ ಒನ್‌ವೇ. ನೆಲದ ಮೇಲೆ ಹಳದಿ ಬಾಣ ಇದೆ, ಸ್ವಲ್ಪ ಮಾಸಿದೆ, ಆದರೂ ಕಾಣುತ್ತದೆ. ಬಾಣದ ಪ್ರಕಾರ ಗಾಡಿಗಳು ನನ್ನ ಬಲಗಡೆಯಿಂದ ಬರಬೇಕು. ಹಾಗಾಗಿ ನಾನು ಜಾಸ್ತಿ ನೋಡಿದ್ದು ಬಲಗಡೆಗೇ. ನಿಧಾನಕ್ಕೆ ರಿವರ್ಸ್ ತೆಗೆದೆ. ಅರ್ಧಕ್ಕಿಂತ ಜಾಸ್ತಿ ಹೊರಗೆ ಬಂದಾಗ ಸೆನ್ಸರ್ ಕೂಗಿತು, ಬ್ರೇಕ್ ಹಾಕಿ ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಕರ್ರ್ ಅಂತ ಸದ್ದು. ಎಡಗಡೆಯಿಂದ, ಬಾಣಕ್ಕೆ ಪೂರ್ತಿ ಎದುರಾಗಿ, ಒಂದು ಬಿಳಿ ಕಾರು ಬಂದಿತ್ತು.

ಅವರ ಕಾರು ಮೂರು ವಾರದ ಹಿಂದೆ ತಗೊಂಡಿದ್ದಂತೆ. ಮುಂದೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ ಇನ್ನೂ ಒಣಗಿರಲಿಲ್ಲ. ಅವರಿಗೆ ಸಂಕಟ ಆಗಿದ್ದು ಅರ್ಥವಾಗುತ್ತದೆ. ಆದರೆ ಇಳಿದ ತಕ್ಷಣ "ಹಿಂದೆ ನೋಡೋಕೆ ಬರಲ್ವಾ" ಅಂತಲೇ ಶುರು ಮಾಡಿದರು. "ಬಾಣ ನೋಡಿ ಸರ್" ಅಂದರೆ "ಅಲ್ಲಿ ಒಂದು ಜಾಗ ಖಾಲಿ ಆಯ್ತು, ಎಲ್ಲರೂ ಹೀಗೇ ಬರ್ತಾರೆ" ಅಂದರು. ಸೆಕ್ಯುರಿಟಿಯವರು ಬಂದು ಎರಡು ಸೆಕೆಂಡಿನಲ್ಲಿ ತೀರ್ಪು ಕೊಟ್ಟರು: "ರಿವರ್ಸ್ ಬಂದವರದ್ದೇ ತಪ್ಪು ಮೇಡಂ." ಗುಂಪಿನಲ್ಲಿ ಯಾರೋ "ಲೇಡಿ ಡ್ರೈವರ್" ಅಂದಿದ್ದೂ ಕಿವಿಗೆ ಬಿತ್ತು. ಹನ್ನೊಂದು ವರ್ಷದಿಂದ ಓಡಿಸುತ್ತಿದ್ದೇನೆ ರೀ, ಇದೇ ಮೊದಲು.

ನನಗೆ ಒಬ್ಬರು ಸಾಕ್ಷಿ ಇದ್ದಾರೆ. ಹಿಂದಿನ ಸೀಟಿನಲ್ಲಿದ್ದ ನಮ್ಮ ಅತ್ತೆ. "ನೀನು ನಿಲ್ಸಿದ್ದೆ ಕಣಮ್ಮ, ನಾನು ನೋಡಿದೀನಿ" ಅಂತ ಹೇಳಿದ್ದಾರೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನ್ನ ಪರ ಮಾತಾಡಿದ್ದೂ ಬಹುಶಃ ಇದೇ ಮೊದಲು.

ಡ್ಯಾಮೇಜ್: ನನ್ನ ಹಿಂದಿನ ಬಂಪರ್‌ನ ಎಡ ಮೂಲೆಯಲ್ಲಿ ಅಂಗೈ ಅಗಲ ಬಣ್ಣ ಹೋಗಿದೆ, ಬಂಪರ್ ಒಂದು ಕಡೆ ಕ್ಲಿಪ್ಪಿನಿಂದ ಬಿಟ್ಟುಕೊಂಡಿದೆ. ಅವರದ್ದು ಎಡಭಾಗ. ಮುಂದಿನ ಚಕ್ರದ ಹಿಂದೆ ಫೆಂಡರ್‌ನಲ್ಲಿ ಶುರುವಾದ ಗೀರು ಮುಂದಿನ ಬಾಗಿಲು ಪೂರ್ತಿ ಎಳೆದು, ಹಿಂದಿನ ಬಾಗಿಲ ಹತ್ತಿರ ತೆಳ್ಳಗಾಗಿ ಮುಗಿದಿದೆ. ಮುಂದಿನ ಬಾಗಿಲ ನಡುವೆ ಸ್ವಲ್ಪ ಒಳಗೂ ಹೋಗಿದೆ. ಫೋಟೋ ಹಾಕಿದ್ದೇನೆ, ಇಬ್ಬರ ನಂಬರ್ ಪ್ಲೇಟನ್ನೂ ಮುಚ್ಚಿದ್ದೇನೆ.

ನಿಂತಿದ್ದ ಕಾರಿಗೆ ತಾಗಿಸಿದರೆ ತಪ್ಪು ತಾಗಿಸಿದವರದ್ದೇ ಅಲ್ವಾ? ಅದೂ ಒನ್‌ವೇಯಲ್ಲಿ ಎದುರು ಬಂದು? ಇನ್ಶೂರೆನ್ಸ್ ಕ್ಲೇಮ್ ಮಾಡಲಾ? ಸಿಸಿಟಿವಿ ಕೇಳಿದರೆ ಮಾಲ್‌ನವರು ಕೊಡುತ್ತಾರಾ?

ಬೆಣ್ಣೆದೋಸೆ ದಾವಣಗೆರೆ

ರಿವರ್ಸ್ ಅಂದ ಮೇಲೆ ಮುಗಿಯಿತು ಮೇಡಂ. ಹಿಂದಕ್ಕೆ ಬರುವವರು ಎರಡೂ ಕಡೆ ನೋಡಿಕೊಂಡೇ ಬರಬೇಕು. ಬಲಗಡೆಗೇ ಜಾಸ್ತಿ ನೋಡಿದೆ ಅಂತ ನೀವೇ ಬರೆದಿದ್ದೀರಿ. ಒನ್‌ವೇ ಅಂದುಕೊಂಡು ಮಗು ಓಡಿ ಬರಲ್ವಾ, ಟ್ರಾಲಿ ಬರಲ್ವಾ? ಬಾಣ ಇರುವುದು ಕಾರಿಗೆ, ಮನುಷ್ಯರಿಗಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಆದರೆ 15,000 ಜಾಸ್ತಿ ಆಯಿತು. ಅರ್ಧಕ್ಕೆ ಮಾತಾಡಿ.

ರಿಂಗ್ ರೋಡ್ ರಾಜ

ಏನ್ ಸ್ವಾಮಿ ಇದು ನ್ಯಾಯ. ಒನ್‌ವೇಯಲ್ಲಿ ಎದುರು ಬಂದವನಿಗೆ ಒಂದು ಮಾತೂ ಇಲ್ಲ? ಅವನು ಬಾಣ ನೋಡಿ ಸುತ್ತು ಹಾಕಿಕೊಂಡು ಬಂದಿದ್ದರೆ ಈ ಥ್ರೆಡ್ಡೇ ಇರುತ್ತಿರಲಿಲ್ಲ. ನಮ್ಮಲ್ಲಿ ಮೂರೇ ಕಾನೂನು ನಡೆಯುವುದು: ದೊಡ್ಡ ಗಾಡಿಯವನದ್ದು ತಪ್ಪು, ಹಿಂದಿನಿಂದ ಗುದ್ದಿದವನದ್ದು ತಪ್ಪು, ರಿವರ್ಸ್ ಬಂದವನದ್ದು ತಪ್ಪು. ಮೂರೂ ಒಂದೇ ಸಲ ಬಂದರೆ ಯಾರ ಗಂಟಲು ಜೋರೋ ಅವನು ಗೆದ್ದ. ಒಂದು ರೂಪಾಯಿನೂ ಕೊಡಬೇಡಿ ಅಕ್ಕ.

ಹಳೇ ಸರ್ವೇಯರ್

ಮೇಡಂ, ನಾನು ಇಪ್ಪತ್ತಾರು ವರ್ಷ ವಾಹನ ನಷ್ಟದ ಸರ್ವೆ ಮಾಡಿದವನು, ಈಗ ನಿವೃತ್ತ. ನಿಮ್ಮ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ನಿಮಗೆ ಇಷ್ಟವಾಗದ ಮಾತು ಮೊದಲು ಹೇಳಿಬಿಡುತ್ತೇನೆ: ನಿಮ್ಮ ಕಾರು ಪೂರ್ತಿ ನಿಂತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಯಾಕೆ ಅಂದರೆ ಗೀರು ಶುರುವಾದ ಜಾಗ ನೋಡಿ. ನೀವು ನಿಂತಿದ್ದು, ಅವರು ಬಂದು ತಾಗಿಸಿದ್ದರೆ ಮೊದಲು ತಾಗಬೇಕಾದ್ದು ಅವರ ಕಾರಿನ ಮುಂದಿನ ಬಂಪರ್‌ನ ಎಡ ಮೂಲೆ. ಅಲ್ಲಿ ಒಂದು ಚುಕ್ಕೆಯೂ ಇಲ್ಲ. ಅವರ ಮೂತಿ, ಮುಂದಿನ ಚಕ್ರ ಎರಡೂ ನಿಮ್ಮ ಹಿಂಭಾಗವನ್ನು ದಾಟಿ ಆದ ಮೇಲೆ ಫೆಂಡರ್‌ನ ಹಿಂದಿನ ತುದಿಯಲ್ಲಿ ತಾಗಿದೆ. ಅಂದರೆ ಅವರ ಮೂತಿ ದಾಟುವಾಗ ನಡುವೆ ಜಾಗ ಇತ್ತು, ಅರೆ ಕ್ಷಣದ ನಂತರ ಇರಲಿಲ್ಲ. ಜಾಗ ತಾನಾಗಿ ಕಡಿಮೆ ಆಗುವುದಿಲ್ಲ. ಒಂದೋ ಅವರು ನಿಮ್ಮ ಕಡೆಗೆ ಸ್ಟೀರಿಂಗ್ ತಿರುಗಿಸಿರಬೇಕು, ಇಲ್ಲಾ ನೀವು ಇನ್ನೂ ಹಿಂದಕ್ಕೆ ಬರುತ್ತಿದ್ದಿರಬೇಕು.

ಇನ್ನೊಂದು, ಗೀರಿನ ಆಳ. ನಿಂತ ಗಾಡಿಗೆ ಉಜ್ಜಿಕೊಂಡು ನೇರ ಹೋದರೆ ಗೀರು ಮೊದಲಿಂದ ಕೊನೆವರೆಗೆ ಹೆಚ್ಚು ಕಡಿಮೆ ಒಂದೇ ಸಮ ಇರುತ್ತದೆ. ಇಲ್ಲಿ ಶುರುವಿನಲ್ಲಿ ಮೇಲುಮೇಲೆ, ಬಾಗಿಲ ನಡುವೆ ಒಳಕ್ಕೆ, ಆಮೇಲೆ ತೆಳ್ಳಗೆ. ತಾಗಿದ ಮೇಲೂ ನಿಮ್ಮ ಬಂಪರ್ ಒಂದಿಷ್ಟು ಒತ್ತಿದೆ, ಅಷ್ಟರಲ್ಲಿ ಅವರು ಬಲಕ್ಕೆ ಎಳೆದುಕೊಂಡಿದ್ದಾರೆ.

ನೀವು ಸುಳ್ಳು ಹೇಳುತ್ತಿದ್ದೀರಿ ಅಂತ ನಾನು ಹೇಳುತ್ತಿಲ್ಲ. ಇದನ್ನು ನೂರಾರು ಸಲ ಕೇಳಿದ್ದೇನೆ. ಬ್ರೇಕ್ ಮೇಲೆ ಕಾಲು ಇಟ್ಟ ನೆನಪು ಗಟ್ಟಿಯಾಗಿರುತ್ತದೆ, ಅದನ್ನೇ ಮನಸ್ಸು "ನಿಂತೆ" ಅಂತ ಬರೆದುಕೊಳ್ಳುತ್ತದೆ. ಗಂಟೆಗೆ 5 ಕಿಲೋಮೀಟರ್ ವೇಗ ಅಂದರೂ ಸೆಕೆಂಡಿಗೆ 1.4 ಮೀಟರ್. ಸೆನ್ಸರ್ ಕೂಗಿ, ಕಿವಿಗೆ ಬಿದ್ದು, ಕಾಲು ಕೆಲಸ ಮಾಡುವಷ್ಟರಲ್ಲಿ ಒಂದು ಸೆಕೆಂಡ್ ಹೋಗುತ್ತದೆ. ಮತ್ತೆ ಆ ಸೆನ್ಸರ್ ನಂಬಬೇಡಿ. 2019ರ ಜುಲೈಯಿಂದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ ಆಯಿತು, ಒಳ್ಳೆಯದೇ. ಆದರೆ ಅದು ನೋಡುವುದು ಹಿಂದೆ ಇರುವುದನ್ನು. ಪಕ್ಕದಿಂದ ಬರುವ ಕಾರು ಅದರ ಕಣ್ಣಿಗೆ ಬೀಳುವುದು ತೀರ ಹತ್ತಿರ ಬಂದ ಮೇಲೆ.

ಹಾಗಂತ ಅವರು ಸಾಚಾ ಅಲ್ಲ. ಎಸ್‌ಯುವಿ ಮರೆಯಲ್ಲಿ ನಿಮಗೆ ಅವರು ಕಾಣದಿದ್ದರೂ, ನಿಮ್ಮ ರಿವರ್ಸ್ ಲೈಟ್ ಅವರಿಗೆ ಕಾಣಬೇಕಿತ್ತು. ಬೇಸ್‌ಮೆಂಟ್‌ನಲ್ಲಿ 20ರಲ್ಲಿ ಬಂದರೆ ಸೆಕೆಂಡಿಗೆ ಐದೂವರೆ ಮೀಟರ್, ಅಂದರೆ ಒಂದು ಕಾರಿನ ಉದ್ದಕ್ಕಿಂತ ಜಾಸ್ತಿ. ಅಷ್ಟು ವೇಗ ಇದ್ದರೆ ನೀವು ನೋಡುವಾಗ ಅಲ್ಲಿ ಯಾರೂ ಇರುವುದಿಲ್ಲ, ಮುಂದಿನ ಸೆಕೆಂಡಿಗೆ ಇರುತ್ತಾರೆ. ಹಾಗಾಗಿ ಅವರ ವೇಗ ಎಷ್ಟಿತ್ತು ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ. ಬಾಣ ಎರಡನೆಯದು.

ಸಿಸಿಟಿವಿ ಕೇಳಿ, ಬೇಗ ಕೇಳಿ. ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ. ಕಾಪಿ ಕೊಡಲ್ಲ ಅಂದರೂ ಮ್ಯಾನೇಜರ್ ಎದುರು ನೋಡಲು ಸಾಮಾನ್ಯವಾಗಿ ಬಿಡುತ್ತಾರೆ. ಆ ಬಿಳಿ ಕಾರಿನವರನ್ನೂ ಕರೆಯಿರಿ, ಒಟ್ಟಿಗೇ ನೋಡಿ. ನೋಡುವಾಗ ಅವರ ಕಾರು ಎಷ್ಟು ಪಾರ್ಕಿಂಗ್ ಗೆರೆ ದಾಟಲು ಎಷ್ಟು ಸೆಕೆಂಡ್ ತಗೊಂಡಿತು ಅಂತ ಎಣಿಸಿ. ಒಂದು ಜಾಗದ ಅಗಲ ಸುಮಾರು 2.5 ಮೀಟರ್ ಇರುತ್ತದೆ. ನೆಲದ ಮೇಲಿನ ಗೆರೆಗಳೇ ಸ್ಕೇಲು.

ಕೊನೆಯದಾಗಿ, ವಾಟ್ಸಾಪ್‌ನಲ್ಲಿ "ನನ್ನದೇ ತಪ್ಪು, ಕೊಡುತ್ತೇನೆ" ಅಂತ ಬರೆದುಕೊಡಬೇಡಿ. ಕಂಪನಿಯ ಒಪ್ಪಿಗೆ ಇಲ್ಲದೆ ಹೊಣೆ ಒಪ್ಪಿಕೊಳ್ಳಬಾರದು ಅಂತ ಪಾಲಿಸಿಯ ಷರತ್ತಿನಲ್ಲೇ ಇರುತ್ತದೆ, ಯಾರೂ ಓದಿರುವುದಿಲ್ಲ.

ಕೆಂಪು ಹ್ಯಾಚ್‌ಬ್ಯಾಕ್

ಸರ್, ಧನ್ಯವಾದ. ಆದರೆ ನಿಜ ಹೇಳಬೇಕು ಅಂದರೆ ನಿಮ್ಮ ಮಾತು ಓದಿ ಸ್ವಲ್ಪ ಸಿಟ್ಟೇ ಬಂತು. ನಾನು ನಿಂತಿದ್ದೆ. ಅತ್ತೆಯನ್ನು ಮತ್ತೆ ಕೇಳಿದೆ, "ನಿಂತಿದ್ದೆ" ಅಂತಲೇ ಅಂದರು. ಅವರು ಆ ಕಡೆ ಈ ಕಡೆ ಮಾತಾಡುವವರಲ್ಲ. ಸಿಸಿಟಿವಿಗೆ ನಾಳೆ ಹೋಗುತ್ತೇನೆ.

ರಿಂಗ್ ರೋಡ್ ರಾಜ

ಅತ್ತೆ ಆ ಸಮಯಕ್ಕೆ ಎಲ್ಲಿ ನೋಡುತ್ತಿದ್ದರು ಅಂತಲೂ ಕೇಳಿ ಅಕ್ಕ 😀

ಮ್ಯೂನಿಕ್ ಮಸಾಲೆ

ನಾನು ಜರ್ಮನಿಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಇಲ್ಲಿ ನನಗೂ ಇದೇ ಆಗಿತ್ತು, ಸೂಪರ್ ಮಾರ್ಕೆಟ್ ಪಾರ್ಕಿಂಗ್‌ನಲ್ಲಿ. ಇಲ್ಲಿ ಈ "ನಿಂತಿದ್ದೆನೋ ಇಲ್ಲವೋ" ಅನ್ನುವ ಒಂದೇ ವಿಷಯ ಅವರ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ, ನಗಬೇಡಿ. 2015ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಇಬ್ಬರೂ ರಿವರ್ಸ್ ಬರುತ್ತಿದ್ದಾಗ ಡಿಕ್ಕಿಯಾದ ಕೇಸು. ರಿವರ್ಸ್ ಬಂದವರದ್ದೇ ತಪ್ಪು ಅಂತ ಮೊದಲೇ ಊಹಿಸಿಕೊಳ್ಳುವ ಪದ್ಧತಿ ಇದೆ. ಆದರೆ ತಾಗುವುದಕ್ಕೆ ಮುಂಚೆ ಒಬ್ಬರು ಪೂರ್ತಿ ನಿಂತಿದ್ದರೆ, ಅಥವಾ ನಿಂತಿರಲಿಲ್ಲ ಅಂತ ಹೇಳಲು ಆಗದಿದ್ದರೆ, ಅವರ ಮೇಲೆ ಆ ಊಹೆ ಹೊರಿಸಲು ಆಗುವುದಿಲ್ಲ ಅಂದರು. ಹಾಗಂತ ಅವರು ಪೂರ್ತಿ ಪಾರು ಅಂತಲ್ಲ, ಗಾಡಿ ರಸ್ತೆಗೆ ತಂದವರ ಮೇಲೆ ಒಂದಿಷ್ಟು ಪಾಲು ಹಾಕಬಹುದು.

2022ರ ನವೆಂಬರ್‌ನಲ್ಲಿ ಇನ್ನೊಂದು ಬಂತು. ಇಲ್ಲಿನ ರಸ್ತೆಗಳಲ್ಲಿ ಬಲಗಡೆಯಿಂದ ಬಂದವರಿಗೆ ಮೊದಲು ದಾರಿ. ಪಾರ್ಕಿಂಗ್ ಜಾಗದಲ್ಲಿ ಅದು ತಾನಾಗಿ ಅನ್ವಯಿಸಲ್ಲ, ಅಲ್ಲಿನ ದಾರಿ ನಿಜವಾಗಿ ರಸ್ತೆಯ ಥರ ಇದ್ದರೆ ಮಾತ್ರ ಅಂತ ಹೇಳಿದರು. ಪಾರ್ಕಿಂಗ್‌ನಲ್ಲಿ ಯಾರಿಗೂ ಹಕ್ಕಿನ ದಾರಿ ಇಲ್ಲ, ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೇ ಹೋಗಬೇಕು. ಹಾಗಾಗಿ ಬಹಳ ಕೇಸು ಅರ್ಧ ಅರ್ಧಕ್ಕೆ ಮುಗಿಯುತ್ತವೆ, ನನ್ನದೂ ಹಾಗೇ.

ಅಂದ ಹಾಗೆ ಇಲ್ಲಿ ತಾಗಿಸಿ ವೈಪರ್ ಕೆಳಗೆ ಚೀಟಿ ಸಿಕ್ಕಿಸಿ ಹೋದರೂ ಕ್ರಿಮಿನಲ್ ಕೇಸು. ಕಾಯಬೇಕು, ಯಾರೂ ಬರದಿದ್ದರೆ ಪೊಲೀಸರಿಗೆ ಹೇಳಬೇಕು. ನನ್ನ ಮೊದಲ ವರ್ಷ ಒಬ್ಬ ಕನ್ನಡದವರೇ ಪಾಪ ಒಳ್ಳೆಯ ಮನಸ್ಸಿನಿಂದ ಚೀಟಿ ಇಟ್ಟು ಹೋಗಿ ಸಿಕ್ಕಿಬಿದ್ದಿದ್ದರು.

ಇನ್ನೊಂದು ವ್ಯತ್ಯಾಸ. ಇಲ್ಲಿ ತಪ್ಪು ಯಾರದ್ದೋ ಅವರ ಇನ್ಶೂರೆನ್ಸ್‌ನಿಂದ ನಾನು ನೇರ ದುಡ್ಡು ಕೇಳಬಹುದು. ಅದಕ್ಕೇ ಜನ ಇಷ್ಟು ಕಿತ್ತಾಡುತ್ತಾರೆ. ಭಾರತದಲ್ಲಿ ಆ ಥರ ಆಗುತ್ತಾ ಗೊತ್ತಿರುವವರು ಹೇಳಿ.

ಲೆಕ್ಕದ ಮೇಷ್ಟ್ರು

ಕಾಗದದ ಮೇಲೆ ಆಗುತ್ತದೆ. ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಎದುರಿನವರ ಆಸ್ತಿ ನಷ್ಟಕ್ಕೆ ಖಾಸಗಿ ಕಾರಿಗೆ ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ ಕವರ್ ಇರುತ್ತದೆ. ಆದರೆ ಅದಕ್ಕೆ ಪೊಲೀಸ್ ದಾಖಲೆ ಬೇಕು, ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಬೇಕು, ವಕೀಲರು ಬೇಕು. ಒಂದು ಬಂಪರ್‌ಗೆ ಯಾರು ಅಲೆಯುತ್ತಾರೆ ಹೇಳಿ. ಹಾಗಾಗಿ ನಮ್ಮಲ್ಲಿ ತಪ್ಪು ಯಾರದ್ದೇ ಆಗಲಿ, ಅವರವರ ಕಾರಿಗೆ ಅವರವರ ಇನ್ಶೂರೆನ್ಸೇ ಗತಿ.

ಈಗ ಅಕ್ಕ, ನೀವು ಕ್ಲೇಮ್ ಮಾಡಬೇಡಿ. ಯಾಕೆ ಅಂತ ಲೆಕ್ಕ ಹಾಕೋಣ. ನಿಮ್ಮ ಪಾಲಿಸಿಯಲ್ಲಿ ಈಗ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಎಷ್ಟಿದೆ?

ಕೆಂಪು ಹ್ಯಾಚ್‌ಬ್ಯಾಕ್

35 ಪರ್ಸೆಂಟ್ ಅಂತ ಇದೆ. ಜೀರೋ ಡೆಪ್ (ಬಿಡಿಭಾಗಕ್ಕೆ ಸವಕಳಿ ಕಳೆಯದೆ ದುಡ್ಡು ಕೊಡುವ ಹೆಚ್ಚುವರಿ ಕವರ್) ಈ ಸಲ ದುಡ್ಡು ಉಳಿಸಲು ಬಿಟ್ಟುಬಿಟ್ಟೆ 🤦‍♀️

ಲೆಕ್ಕದ ಮೇಷ್ಟ್ರು

ಸರಿ. ಬೋನಸ್ ಏಣಿ ಹೀಗೆ ಹತ್ತುತ್ತದೆ: 20, 25, 35, 45, 50. ಅಲ್ಲಿಂದ ಮೇಲೆ ಇಲ್ಲ. ಒಂದು ಕ್ಲೇಮ್ ಮಾಡಿದರೆ, ತಪ್ಪು ನಿಮ್ಮದಲ್ಲದಿದ್ದರೂ, ನೆಲಕ್ಕೆ ಬೀಳುತ್ತೀರಿ. ಬೋನಸ್ ಕಾಪಾಡುವ ಆಡ್ ಆನ್ ಇದ್ದರೆ ಬೇರೆ ಮಾತು.

ಮುಂದಿನ ವರ್ಷ ನಿಮಗೆ 45 ಸಿಗಬೇಕಿತ್ತು, ಸೊನ್ನೆ ಸಿಗುತ್ತದೆ. ಅದರ ಮುಂದಿನ ವರ್ಷ 50ರ ಬದಲು 20. ಆಮೇಲೆ 50ರ ಬದಲು 25, 50ರ ಬದಲು 35, 50ರ ಬದಲು 45. ಕಳಕೊಂಡದ್ದನ್ನು ಕೂಡಿ: 45, 30, 25, 15, 5. ಒಟ್ಟು 120. ಅಂದರೆ ಒಂದು ವರ್ಷದ ಓನ್ ಡ್ಯಾಮೇಜ್ (ನಿಮ್ಮದೇ ಕಾರಿನ ನಷ್ಟದ) ಪ್ರೀಮಿಯಂಗಿಂತ ಜಾಸ್ತಿ ದುಡ್ಡು ಐದು ವರ್ಷದಲ್ಲಿ ನಿಮ್ಮ ಕೈಯಿಂದ ಜಾರುತ್ತದೆ. ಬೋನಸ್ ಕಳೆಯುವ ಮುಂಚಿನ ಪ್ರೀಮಿಯಂ 8,000 ಅಂತ ಇಟ್ಟುಕೊಂಡರೆ 9,600. ಕಾರು ಹಳೆಯದಾದ ಹಾಗೆ ಪ್ರೀಮಿಯಂ ಇಳಿಯುತ್ತದೆ, ಸ್ವಲ್ಪ ಕಡಿಮೆ ಅಂದುಕೊಳ್ಳಿ. ಇದರ ಮೇಲೆ 1500 ಸಿಸಿ ಒಳಗಿನ ಕಾರಿಗೆ ಪ್ರತಿ ಕ್ಲೇಮ್‌ನಲ್ಲಿ 1,000 ನೀವೇ ಹಾಕಬೇಕು. ಜೀರೋ ಡೆಪ್ ಇಲ್ಲದ್ದರಿಂದ ಬಂಪರ್ ಬದಲಿಸಿದರೆ ಪ್ಲಾಸ್ಟಿಕ್ ಅಂತ ಅದರ ಅರ್ಧ ಬೆಲೆಯೂ ನಿಮ್ಮದೇ. ಇನ್ನೇನು ಉಳಿಯಿತು?

ಈಗ ಬಿಳಿ ಕಾರಿನವರದ್ದು ನೋಡಿ. ಹೊಸ ಕಾರು, ಬೋನಸ್ ಏಣಿ ಇನ್ನೂ ಹತ್ತೇ ಇಲ್ಲ. ಬೀಳಲು ಎತ್ತರವೇ ಇಲ್ಲ. ಅವರು ಕ್ಲೇಮ್ ಮಾಡಿದರೆ ಮುಂದಿನ ವರ್ಷ 20 ಹೋಗುತ್ತದೆ, ಆಮೇಲೆ 5, 10, 10, 5. ಒಟ್ಟು 50. ನಿಮ್ಮ ಅರ್ಧವೂ ಇಲ್ಲ. ಹೊಸ ಕಾರಿಗೆ ಶೋರೂಮ್‌ನವರು ಜೀರೋ ಡೆಪ್ ಹಾಕದೆ ಬಿಡುವುದು ಅಪರೂಪ. ಹಾಗಾಗಿ ಅವರು 15,000 ಕೇಳುವುದಕ್ಕೆ ಅರ್ಥವೇ ಇಲ್ಲ. ಅವರ ಕೈಯಿಂದ ನಿಜವಾಗಿ ಹೋಗುವುದು 1,000, ಜೊತೆಗೆ ಮುಂದಿನ ವರ್ಷದ ಆ 20. ಮಾತಾಡಬೇಕಾದ್ದು ಆ ಮೊತ್ತದ ಬಗ್ಗೆ, ಶೋರೂಮ್ ಎಸ್ಟಿಮೇಟ್ ಬಗ್ಗೆ ಅಲ್ಲ.

ಹಳೇ ಸರ್ವೇಯರ್

ಮೇಷ್ಟ್ರು ಸರಿಯಾಗಿ ಹೇಳಿದರು. ಇಂಥ ಗೀರಿನ ಓನ್ ಡ್ಯಾಮೇಜ್ ಕ್ಲೇಮ್‌ಗೆ ಎಫ್‌ಐಆರ್ ಕೇಳುವುದಿಲ್ಲ ಸಾಮಾನ್ಯವಾಗಿ. ಆದರೆ ಫಾರಂನಲ್ಲಿ "ಕಂಬಕ್ಕೆ ತಾಗಿತು" ಅಂತ ಬರೆಸುವ ಚಾಳಿ ಇದೆ, ಹಾಗೆ ಮಾಡಬೇಡಿ ಅಂತ ಬಿಳಿ ಕಾರಿನವರಿಗೂ ಹೇಳಿ. ಕೆಂಪು ಬಣ್ಣ ಹತ್ತಿದ ಕಂಬವನ್ನು ನಾನಂತೂ ನೋಡಿಲ್ಲ.

ಬಣ್ಣದ ಅಂಗಡಿ ಹಾಸನ

ಅಕ್ಕ, ನಾನು ಡೆಂಟಿಂಗ್ ಪೇಂಟಿಂಗ್ ಮಾಡುವವನು. ನಿಮ್ಮ ಬಂಪರ್ ಫೋಟೋ ನೋಡಿದೆ. ಬಂಪರ್ ಬದಲಾಯಿಸಿ ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ಆ ಬಿಳಿ ಕಲೆಯಲ್ಲಿ ಅರ್ಧ ನಿಮ್ಮ ಬಣ್ಣ ಹೋದದ್ದಲ್ಲ, ಅವರ ಬಣ್ಣ ಬಂದು ಕೂತಿರುವುದು. ರಬ್ಬಿಂಗ್ ಹಾಕಿ ಉಜ್ಜಿದರೆ ಅದು ಬಿಡುತ್ತದೆ. ಉಳಿದ ಜಾಗಕ್ಕೆ ಪೇಪರ್ ಹೊಡೆದು, ಪ್ರೈಮರ್, ಬಣ್ಣ, ಕ್ಲಿಯರ್. ಕ್ಲಿಪ್ಪು ಹೊಸದು ಹಾಕಿದರೆ ಬಂಪರ್ ಕೂತುಕೊಳ್ಳುತ್ತದೆ, ಒಳಗಿನ ಬ್ರಾಕೆಟ್ ಮುರಿದಿದೆಯಾ ನೋಡಬೇಕು ಅಷ್ಟೇ. ಮೂರು ಸಾವಿರದ ಆಸುಪಾಸು. ಕೆಂಪು ಬಣ್ಣ ಬಿಸಿಲಿಗೆ ಮಾಸುವುದರಿಂದ ಕೋಡ್ ನೋಡಿ ಹೊಡೆದರೂ ಶೇಡ್ ಸ್ವಲ್ಪ ಬೇರೆ ಕಾಣುತ್ತದೆ. ಮೂಲೆಗೆ ಮಾತ್ರ ಹೊಡೆಸಬೇಡಿ, ಬಂಪರ್ ಪೂರ್ತಿ ಹೊಡೆಸಿ.

ಅವರದ್ದು ಫೆಂಡರ್, ಎರಡು ಬಾಗಿಲು ಅಂದರೆ ಮೂರು ಪ್ಯಾನೆಲ್. ಶೋರೂಮ್‌ನಲ್ಲಿ 15,000 ಹೇಳಿದ್ದು ಸುಳ್ಳಲ್ಲ.

ಬೆಣ್ಣೆದೋಸೆ ದಾವಣಗೆರೆ

ಮಾಲ್‌ನವರನ್ನು ಯಾಕೆ ಬಿಡುತ್ತೀರಿ? ಬಾಣ ಮಾಸಿದೆ, ಮೂಲೆಗೆ ಕನ್ನಡಿ ಇಲ್ಲ, ಗಂಟೆಗೆ ಇಷ್ಟು ಅಂತ ದುಡ್ಡು ಮಾತ್ರ ತಗೋತಾರೆ.

ಹಳೇ ಸರ್ವೇಯರ್

"ವಾಹನಗಳ ಜವಾಬ್ದಾರಿ ಮಾಲೀಕರದ್ದೇ" ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಅವರು ಪಾರಾಗುವುದಿಲ್ಲ, ಅದು ನಿಜ. ದೆಹಲಿಯ ಒಂದು ದೊಡ್ಡ ಹೋಟೆಲ್‌ನಲ್ಲಿ 1998ರಲ್ಲಿ ವ್ಯಾಲೆಗೆ (ಕಾರು ಪಾರ್ಕ್ ಮಾಡಿಕೊಡುವ ಹೋಟೆಲ್ ಸಿಬ್ಬಂದಿಗೆ) ಕೀ ಕೊಟ್ಟ ಕಾರು ಕಳುವಾಗಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನದ್ದೇ ಹೊಣೆ ಅಂದಿತು. ಆದರೆ ಅಲ್ಲಿ ಕೀ ಅವರ ಕೈಯಲ್ಲಿತ್ತು. ಇಲ್ಲಿ ಸ್ಟೀರಿಂಗ್ ಇಬ್ಬರ ಕೈಯಲ್ಲೇ ಇತ್ತು. ಬಾಣಕ್ಕೆ ಮತ್ತೆ ಬಣ್ಣ ಹೊಡೆಯಿರಿ ಅಂತ ಪತ್ರ ಬರೆಯಿರಿ, ದುಡ್ಡು ಕೇಳಲು ಹೋಗಬೇಡಿ.

ಇನ್ನೊಂದು ಮಾತು, ಬಾಣದ ಬಗ್ಗೆ. ಆ ಬಾಣ ಹಾಕಿದ್ದು ಮಾಲ್‌ನವರು, ಟ್ರಾಫಿಕ್ ಪೊಲೀಸರಲ್ಲ. ಅದಕ್ಕೆ ಎದುರು ಹೋದರೆ ದಂಡದ ಚೀಟಿ ಬರುವುದು ಕಷ್ಟ. ಆದರೆ ತಪ್ಪು ಹಂಚುವಾಗ ಲೆಕ್ಕಕ್ಕೆ ಬರುತ್ತದೆ. ಬಾಣ ಇದ್ದ ಕಾರಣಕ್ಕೇ ಈ ಮೇಡಂ ಬಲಗಡೆ ಜಾಸ್ತಿ ನೋಡಿದರು, ಅದರಲ್ಲಿ ಅರ್ಥ ಇದೆ. ಅದೇ ರೀತಿ ರಿವರ್ಸ್ ಬರುವವರು ಯಾರಿಗೂ ಅಪಾಯ ಆಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಬರಬೇಕು ಅಂತ 2017ರ ಚಾಲನಾ ನಿಯಮಗಳಲ್ಲಿ ಇದೆ. ಅದರಲ್ಲೂ ಅರ್ಥ ಇದೆ.

ಕೆಂಪು ಹ್ಯಾಚ್‌ಬ್ಯಾಕ್

ಅಪ್ಡೇಟ್. ಮೊದಲು ಸರ್ವೇಯರ್ ಸರ್‌ಗೆ ಕ್ಷಮೆ ಕೇಳುತ್ತೇನೆ.

ಇವತ್ತು ಮಧ್ಯಾಹ್ನ ಬಿಳಿ ಕಾರಿನವರು, ಅವರ ಹೆಂಡತಿ, ನಾನು, ನಮ್ಮ ಮನೆಯವರು ನಾಲ್ಕೂ ಜನ ಮಾಲ್‌ನ ಕಂಟ್ರೋಲ್ ರೂಮಿನಲ್ಲಿ ಕೂತು ನೋಡಿದೆವು. ಕಾಪಿ ಕೊಡಲಿಲ್ಲ, ಆದರೆ ಬೇಕಾದಷ್ಟು ಸಲ ಹಿಂದೆ ಮುಂದೆ ಮಾಡಿ ತೋರಿಸಿದರು. ನನ್ನ ಕಾರಿನ ಬಿಳಿ ಲೈಟ್ ಹೊತ್ತಿಕೊಳ್ಳುತ್ತದೆ, ನಿಧಾನಕ್ಕೆ ಹೊರಗೆ ಬರುತ್ತೇನೆ. ಬ್ರೇಕ್‌ನ ಕೆಂಪು ಲೈಟ್ ಹೊತ್ತಿಕೊಳ್ಳುವುದೂ ಅವರ ಕಾರು ಅಲುಗಾಡುವುದೂ ಒಂದೇ ಹೊತ್ತಿಗೆ. ನಾನು ನಿಂತಿರಲಿಲ್ಲ. ಮೂರು ಸಲ ನೋಡಿದೆ. ಮೈಮೇಲೆ ನೀರು ಸುರಿದ ಹಾಗಾಯಿತು, ಯಾಕೆಂದರೆ ಇವತ್ತಿಗೂ ಕಣ್ಣು ಮುಚ್ಚಿದರೆ ನಿಂತಿದ್ದೇ ನೆನಪಾಗುತ್ತದೆ.

ಆಮೇಲೆ ಗೆರೆ ಎಣಿಸಿದೆವು. ಅವರ ಕಾರು ನಾಲ್ಕು ಜಾಗ ದಾಟಲು ತಗೊಂಡಿದ್ದು ಎರಡು ಸೆಕೆಂಡ್. ಹತ್ತು ಮೀಟರ್, ಎರಡು ಸೆಕೆಂಡ್. ನಮ್ಮ ಮನೆಯವರು ಫೋನಿನಲ್ಲಿ ಲೆಕ್ಕ ಹಾಕಿ ಗಂಟೆಗೆ 18 ಕಿಲೋಮೀಟರ್ ಅಂದರು. ರ‍್ಯಾಂಪ್ ಇಳಿಯುವಲ್ಲೇ 10 ಅಂತ ಬೋರ್ಡ್ ಇದೆ. ಅದಕ್ಕೆ ಬಿಳಿ ಕಾರಿನವರು "ಅಷ್ಟು ನಿಧಾನಕ್ಕೆ ಯಾರು ಓಡಿಸ್ತಾರೆ" ಅಂದರು. ಅವರ ಹೆಂಡತಿ ಸುಮ್ನೆ ಸ್ಕ್ರೀನ್ ಕಡೆ ಬೆರಳು ತೋರಿಸಿ, "ನಾನು ಆವತ್ತೇ ಹೇಳ್ಲಿಲ್ವಾ, ಆ ಕಡೆಯಿಂದ ಹೋಗೋಣ ಅಂತ" ಅಂದರು. ರೂಮಿನಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ.

ಮೇಷ್ಟ್ರ ಲೆಕ್ಕ ತೋರಿಸಿದೆ. ಅವರಿಗೆ ಜೀರೋ ಡೆಪ್ ಇದೆ, 1200 ಸಿಸಿ ಕಾರು. ಓನ್ ಡ್ಯಾಮೇಜ್ ಪ್ರೀಮಿಯಂ 14,000, ಅದರಲ್ಲಿ 20 ಅಂದರೆ 2,800, ಜೊತೆಗೆ 1,000. ಒಟ್ಟು 3,800. ಮೊದಲು ಪೂರ್ತಿ ಕೊಡಿ ಅಂದರು. ಇಬ್ಬರದ್ದೂ ತಪ್ಪಿದೆ, ಅರ್ಧ ಕೊಡುತ್ತೇನೆ, ನನ್ನ ಬಂಪರ್ ನಾನೇ ಮಾಡಿಸಿಕೊಳ್ಳುತ್ತೇನೆ ಅಂದೆ. ಹೆಂಡತಿ "ಸಾಕು ಬಿಡಿ" ಅಂದ ಮೇಲೆ ಒಪ್ಪಿದರು. 2,000 ಫೋನ್‌ನಲ್ಲೇ ಕಳಿಸಿದೆ. ಯಾರ ತಪ್ಪು ಅಂತ ಬರೆಯದೆ, ಈ ವಿಷಯದಲ್ಲಿ ಇಬ್ಬರಿಗೂ ಇನ್ನು ತಕರಾರಿಲ್ಲ ಅಂತ ಎರಡು ಸಾಲು ಬರೆದು ಇಬ್ಬರೂ ಸಹಿ ಹಾಕಿದೆವು.

ಮೇಷ್ಟ್ರೇ, ನಿಮ್ಮ ಲೆಕ್ಕದ 50ರಲ್ಲಿ ನಾನು ಮೊದಲ ವರ್ಷದ 20 ಮಾತ್ರ ತೋರಿಸಿದೆ, ಉಳಿದದ್ದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ಸರಿಯಾ ಅಂತ ಈಗ ಯೋಚನೆ ಬರುತ್ತಿದೆ.

ಲೆಕ್ಕದ ಮೇಷ್ಟ್ರು

ಅವರು ಮೊದಲು 15,000 ಕೇಳಿದ್ದರಲ್ಲ, ಮಲಗಿ ಸುಮ್ನೆ.

ರಿಂಗ್ ರೋಡ್ ರಾಜ

ಅತ್ತೆಗೆ ವಿಡಿಯೋ ವಿಷಯ ಹೇಳಿದಿರಾ?

ಕೆಂಪು ಹ್ಯಾಚ್‌ಬ್ಯಾಕ್

ಹೇಳಿದೆ. "ಕ್ಯಾಮೆರಾ ಸರಿ ಇಲ್ಲ" ಅಂದರು. ನಾಳೆ ಬಂಪರ್ ಪೂರ್ತಿ ಬಣ್ಣ ಹೊಡೆಸಲು ಬಿಡುತ್ತಿದ್ದೇನೆ, 2,800 ಹೇಳಿದ್ದಾರೆ.